ಚೌಕಿಮನೆ: ನೇಪಲ್ಸಿನ ನಟನ ಬಗ್ಗೆ ನಿಮ್ಮ ಕಾಗದಗಳು

ಹೋದ ಸಂಚಿಕೆಯಲ್ಲಿ ಹೊನ್ನಾವರದ ಹುಡುಗನೊಬ್ಬ, ರಂಗದ ಮೇಲೆ ತನಗೆ ಮಾತಿಲ್ಲದಾಗ ಕೈ ಎಲ್ಲಿಡಬೇಕು ಎಂದು ಕೇಳಿದ್ದ. ಇಟಲಿಯ ಎಡುವಾರ್ಡೊ ಡಿ ಫಿಲಿಪ್ಪೊ ಕೈ ಇಟ್ಟಲ್ಲೇ ಇಡುತ್ತಿದ್ದ, ಮುಖವನ್ನೂ ಅಲ್ಲಾಡಿಸುತ್ತಿರಲಿಲ್ಲ, ಆದರೂ ಜನ ಅವನನ್ನೇ ನೋಡುತ್ತಿದ್ದರು ಎಂದು ಒಂದು ಸಾಲು ಬರೆದೆ. ಆ ಒಂದು ಸಾಲಿಗೆ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಆದ್ದರಿಂದ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ. ಇನ್ನೊಂದು ಮಾತು. ನಟರನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ. ನಮ್ಮ ಕಡೆ ಯಕ್ಷಗಾನದಲ್ಲಿ ಚಿಟ್ಟಾಣಿ ಕುಣಿದ, ಶಂಭು ಹೆಗಡೆ ಬಂದ ಎನ್ನುತ್ತೇವಲ್ಲ, ಹಾಗೆ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕಾ, ಈ ಎಡುವಾರ್ಡೊ ನಟನೋ, ನಾಟಕ ಬರೆದವನೋ? ಮೊಬೈಲಿನಲ್ಲಿ ಹುಡುಕಿದರೆ ಸೆನೆಟರ್ ಎಂದೂ ಬರುತ್ತದೆ. ತಲೆ ಕೆಟ್ಟಿತು.
*– ಕಾಲೇಜು ವಿದ್ಯಾರ್ಥಿನಿ, ಅಂಕೋಲಾ*

ಮೂರೂ ಹೌದು ತಂಗಿ. ಅದರ ಮೇಲೆ ನಿರ್ದೇಶಕ, ಕಂಪನಿ ಮಾಲೀಕ, ಥಿಯೇಟರಿನ ಯಜಮಾನ. ಹುಟ್ಟಿದ್ದು 1900ರ ಮೇ 24ರಂದು, ನೇಪಲ್ಸಿನಲ್ಲಿ. ತೀರಿಕೊಂಡದ್ದು 1984ರ ಅಕ್ಟೋಬರ್ 31ರಂದು, ರೋಮಿನಲ್ಲಿ. ಮೊದಲ ಸಲ ರಂಗಕ್ಕೆ ಬಂದಾಗ ವಯಸ್ಸು ನಾಲ್ಕು. ರೋಮಿನ ವಾಲ್ಲೆ ಥಿಯೇಟರಿನಲ್ಲಿ ಜಪಾನಿ ಮಗುವಿನ ವೇಷ ಹಾಕಿ ಎತ್ತಿಕೊಂಡು ಬಂದಿದ್ದರು. ಆಮೇಲೆ ಎಂಬತ್ತು ವರ್ಷ ಅವನು ರಂಗದಿಂದ ಸರಿಯಾಗಿ ಇಳಿಯಲೇ ಇಲ್ಲ. 1974ರಲ್ಲಿ ಹೃದಯಕ್ಕೆ ಪೇಸ್‌ಮೇಕರ್ ಹಾಕಿದರು, ಮತ್ತೆ ರಂಗಕ್ಕೇ ಬಂದ.

ಅವನನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಮೊದಲು ಮನೆಯನ್ನು ನೋಡಬೇಕು. ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಮನೆಯಲ್ಲಿ ಶಿವರಾಮ ಹೆಗಡೆ, ಶಂಭು ಹೆಗಡೆ, ಮಹಾಬಲ ಹೆಗಡೆ, ಗಜಾನನ ಹೆಗಡೆ ಎಂದು ಒಂದೇ ಮನೆಯ ಹೆಸರುಗಳನ್ನು ನಾವು ಬಾಯಿಪಾಠ ಹೇಳುತ್ತೇವೆ. ಎಡುವಾರ್ಡೊ ಹುಟ್ಟಿದ್ದೂ ಅಂಥ ಮನೆಯಲ್ಲೇ. ಅಕ್ಕ ಟಿಟಿನಾ, ತಮ್ಮ ಪೆಪ್ಪಿನೊ, ಮೂವರೂ ನಟರು. 1931ರಲ್ಲಿ ಮೂವರೂ ಸೇರಿ ತಮ್ಮ ಹೆಸರಿನಲ್ಲೇ ಹಾಸ್ಯ ನಾಟಕದ ಕಂಪನಿ ಕಟ್ಟಿದರು. ಇತ್ತ ಕೆರೆಮನೆಯವರ ಇಡಗುಂಜಿ ಯಕ್ಷಗಾನ ಮೇಳ ಶುರುವಾದದ್ದು 1934ರಲ್ಲಿ. ಎರಡಕ್ಕೂ ಏನೂ ಸಂಬಂಧವಿಲ್ಲ, ಸುಮ್ನೆ ಹೇಳಿದೆ. ಆದರೆ ಆಗ ನಮ್ಮ ಅಜ್ಜಂದಿರು ಗುಣವಂತೆಯಲ್ಲಿ ರಾತ್ರಿಯಿಡೀ ಕೂತು ಆಟ ನೋಡುತ್ತಿದ್ದರೆ, ಅಲ್ಲಿ ನೇಪಲ್ಸಿನಲ್ಲಿ ಈ ಮೂವರು ಒಂದು ಸಿನಿಮಾ ಮಂದಿರದಲ್ಲಿ ಪಿಕ್ಚರಿನ ಜೊತೆಗೆ ಒಂದಂಕದ ನಾಟಕ ಆಡುತ್ತಿದ್ದರು ಎಂದು ನೆನೆಸಿಕೊಂಡರೆ ನನಗೆ ಖುಷಿಯಾಗುತ್ತದೆ.

ಸೆನೆಟರ್ ವಿಷಯ. 1981ರಲ್ಲಿ ಇಟಲಿಯ ರಾಷ್ಟ್ರಪತಿ ಸಾಂದ್ರೊ ಪೆರ್ತಿನಿ ಇವನನ್ನು ಆಜೀವ ಸೆನೆಟರ್ ಮಾಡಿದರು. ಅಲ್ಲಿ ಹೋಗಿ ಇವನು ನಾಟಕದವರ ಪಿಂಚಣಿ ಕೇಳಿಕೊಂಡು ಕೂರಲಿಲ್ಲ. ನೇಪಲ್ಸಿನ ಬಾಲಾಪರಾಧಿಗಳ ಜೈಲಿನ ಹುಡುಗರ ಬಗ್ಗೆ ಮಾತಾಡಿದ. ಅವರಿಗೆ ಕೆಲಸ ಕಲಿಸಿ, ಹೊರಗೆ ಬಂದ ಮೇಲೆ ಬದುಕಲು ದಾರಿ ಮಾಡಿ ಎಂದ.

ಅವನು ತನ್ನ ತಂದೆಯನ್ನು ಮಾವ ಎಂದು ಕರೆಯುತ್ತಿದ್ದನಂತೆ. ಹೌದಾ? ಯಾಕೆ?
*– ಗೃಹಿಣಿ, ಹಳದೀಪುರ*

ಹೌದು. ತಂದೆಯ ಹೆಸರು ಎಡುವಾರ್ಡೊ ಸ್ಕಾರ್ಪೆಟ್ಟಾ. ಆ ಕಾಲಕ್ಕೆ ನೇಪಲ್ಸಿನ ದೊಡ್ಡ ಹಾಸ್ಯನಟ, ನಾಟಕಕಾರ, ಕಂಪನಿ ಮಾಲೀಕ. ಒಳ್ಳೆಯ ಶ್ರೀಮಂತ. ಕೈಹಿಡಿದ ಹೆಂಡತಿ ರೋಸಾ. ಆ ಹೆಂಡತಿಯ ಸೋದರ ಸಂಬಂಧದ ಹುಡುಗಿ ಲುಯಿಸಾ. ಟಿಟಿನಾ, ಎಡುವಾರ್ಡೊ, ಪೆಪ್ಪಿನೊ ಮೂವರೂ ಲುಯಿಸಾಳಿಗೆ ಸ್ಕಾರ್ಪೆಟ್ಟಾನಿಂದ ಹುಟ್ಟಿದ ಮಕ್ಕಳು. ಅಪ್ಪನ ಮನೆತನದ ಹೆಸರು ಅವರಿಗೆ ಸಿಗಲಿಲ್ಲ. ಡಿ ಫಿಲಿಪ್ಪೊ ಅನ್ನುವುದು ತಾಯಿಯದು. ಅಪ್ಪ ಮನೆಗೆ ಬಂದಾಗ ಮಕ್ಕಳು ಮಾವ ಎನ್ನಬೇಕು. ಊರಿಗೆಲ್ಲ ಗೊತ್ತು, ಬಾಯಿ ಬಿಟ್ಟು ಹೇಳುವವರಿಲ್ಲ. ಹಳದೀಪುರದಲ್ಲಾದರೂ ಹಾಗೇ ಅಲ್ವಾ?

ಪೆಪ್ಪಿನೊನ ಪಾಡು ಇನ್ನೂ ಕಷ್ಟದ್ದು. ಅವನನ್ನು ಹುಟ್ಟಿದ ಕೂಡಲೇ ಹಳ್ಳಿಯ ಒಬ್ಬ ದಾದಿಯ ಹತ್ತಿರ ಬಿಟ್ಟರು. ಕೆಲವು ವರ್ಷ ಅಲ್ಲೇ ಬೆಳೆದ. ಆ ಹಳ್ಳಿಯೇ ತನ್ನ ಮನೆ ಅಂದುಕೊಂಡಿದ್ದ ಮಗುವನ್ನು ಆಮೇಲೆ ಪೇಟೆಗೆ ಕರೆತಂದರು. ಮುಂದೆ ಅಣ್ಣತಮ್ಮಂದಿರ ನಡುವೆ ಬಂದ ಕಹಿಗೆ ಬೇರು ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಆದರೆ ಸ್ಕಾರ್ಪೆಟ್ಟಾ ಮಕ್ಕಳಿಗೆ ಒಂದು ಆಸ್ತಿ ಕೊಟ್ಟ. ಎಡುವಾರ್ಡೊನನ್ನು ದಿನಾ ಕುರ್ಚಿಯಲ್ಲಿ ಕೂರಿಸಿ ನಾಟಕಗಳನ್ನು ಕೈಯಲ್ಲಿ ನಕಲು ಮಾಡಿಸುತ್ತಿದ್ದ. ತನ್ನದೂ, ಬೇರೆಯವರದೂ. ಹುಡುಗನಿಗೆ ಆಗ ಅದು ಶಿಕ್ಷೆಯೇ. ಆದರೆ ಒಂದು ಅಂಕ ಎಲ್ಲಿ ಏರುತ್ತದೆ, ನಗು ಎಲ್ಲಿ ಬರುತ್ತದೆ, ಒಬ್ಬ ಪಾತ್ರಧಾರಿ ಒಳಗೆ ಹೋದರೆ ಮುಂದಿನವನು ಯಾವಾಗ ಬರಬೇಕು, ಇದೆಲ್ಲ ಬೆರಳಿಗೇ ಗೊತ್ತಾಯಿತು. ಅಪ್ಪ 1925ರಲ್ಲಿ ತೀರಿಕೊಂಡ. ಆಸ್ತಿಯಲ್ಲಿ ಈ ಮೂವರಿಗೆ ಪಾಲಿಲ್ಲ. ಮಲಸಹೋದರ ವಿನ್ಸೆಂಜೊ ಸ್ಕಾರ್ಪೆಟ್ಟಾನ ಕಂಪನಿಯಲ್ಲಿ ಎಡುವಾರ್ಡೊ ಸಂಬಳಕ್ಕೆ ಕೆಲಸ ಮಾಡಿದ. ತನ್ನ ತಂದೆಯ ಕಂಪನಿಯಲ್ಲೇ ಕೂಲಿಯಾಳಾಗಿ ಇದ್ದವನು. ಆ ಮುಖದಲ್ಲಿ ನಗಿಸುವಾಗಲೂ ಒಂದು ಬಿಗಿ ಇರುತ್ತಿದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕಾ?

ಅಣ್ಣ ತಮ್ಮ ಜಗಳವಾಡಿ ಬೇರೆಯಾದರಂತೆ. ತಪ್ಪು ಯಾರದ್ದು? ನಮ್ಮ ಹವ್ಯಾಸಿ ತಂಡವೂ ಈಗ ಅದೇ ಸ್ಥಿತಿಯಲ್ಲಿದೆ, ಅದಕ್ಕೇ ಕೇಳಿದೆ.
*– ಹೆಸರು ಬೇಡ, ಶಿರಸಿ ತಾಲೂಕು*

1944ರಲ್ಲಿ ಬೇರೆಯಾದರು. ನೇಪಲ್ಸಿನ ಡಿಯಾನಾ ಥಿಯೇಟರಿನಲ್ಲಿ ರಿಹರ್ಸಲ್ ನಡೆಯುವಾಗ ಎಡುವಾರ್ಡೊ ಎಲ್ಲರಿಗೂ ಬೈಯುತ್ತಿದ್ದ, ಪೆಪ್ಪಿನೊ ಸಿಟ್ಟಿನಿಂದ ಕುರ್ಚಿ ಹತ್ತಿ ಮುಸೊಲಿನಿಗೆ ಹಾಕುವ ಜೈಕಾರವನ್ನೇ ಅಣ್ಣನಿಗೆ ಹಾಕಿದ ಎಂದು ಒಂದು ಕತೆ ಇದೆ. ಕತೆಗೆ ಉಪ್ಪುಖಾರ ಸೇರಿರಬಹುದು. ಆದರೆ ಸಿಟ್ಟು ಸುಳ್ಳಲ್ಲ. ಪೆಪ್ಪಿನೊ ಎಪ್ಪತ್ತರ ದಶಕದಲ್ಲಿ ತಮ್ಮ ಕುಟುಂಬದ ಬಗ್ಗೆ ಪುಸ್ತಕ ಬರೆದಾಗಲೂ ಆ ಸಿಟ್ಟು ಆರಿರಲಿಲ್ಲ.

ತಪ್ಪು ಯಾರದ್ದು ಎಂದರೆ, ನಾನು ಪೆಪ್ಪಿನೊ ಪಕ್ಷ. ಎಡುವಾರ್ಡೊ ದೊಡ್ಡವನು, ಆದರೆ ಅವನ ಕಂಪನಿಯಲ್ಲಿ ನಾನಾಗಿದ್ದರೆ ಒಂದು ವಾರ ಬಾಳುತ್ತಿರಲಿಲ್ಲ. ಹೇಳಿದ ಹೊತ್ತಿಗೆ ಬರಬೇಕು, ಹೇಳಿದಷ್ಟೇ ಮಾಡಬೇಕು, ಒಂದು ಮಾತು ಹೆಚ್ಚು ಆಡಬಾರದು. ಪೆಪ್ಪಿನೊಗೆ ಮಾತು ಹೆಚ್ಚು ಆಡುವುದೇ ಬದುಕು. ಅವನದು ತುಂಬಿ ಚೆಲ್ಲುವ ಹಾಸ್ಯ. ಅದರ ಮೇಲೆ ಅವನೂ ನಾಟಕ ಬರೆಯುತ್ತಿದ್ದ. ಮನೆಯಲ್ಲಿ ಇಬ್ಬರು ಬರೆಯುವವರು, ಒಬ್ಬನೇ ಯಜಮಾನ. ಹೇಗೆ ಆಗುತ್ತದೆ ಹೇಳಿ.

ಬೇರೆಯಾದ ಮೇಲೆ ಏನಾಯಿತು ನೋಡಿ. ಪೆಪ್ಪಿನೊ ಸಿನಿಮಾದಲ್ಲಿ ಹಾಸ್ಯನಟ ತೊತೊ ಜೊತೆ ಜೋಡಿಯಾದ. 1956ರ ಒಂದು ಚಿತ್ರದಲ್ಲಿ ತೊತೊ ಹೇಳುತ್ತಾನೆ, ಪೆಪ್ಪಿನೊ ಕಾಗದ ಬರೆಯುತ್ತಾನೆ. ಅಷ್ಟೇ ದೃಶ್ಯ. ಇಬ್ಬರಿಗೂ ಬರವಣಿಗೆ ಬಾರದು. ಪೆಪ್ಪಿನೊ ಬೆವರು ಒರೆಸಿಕೊಳ್ಳುವುದನ್ನು ನೋಡಿಯೇ ಇಟಲಿಯವರು ಇವತ್ತಿಗೂ ನಗುತ್ತಾರೆ. ಅಣ್ಣನ ಹತ್ತಿರವೇ ಇದ್ದಿದ್ದರೆ ಅಷ್ಟು ಬೆವರಲು ಅವನು ಬಿಡುತ್ತಿರಲಿಲ್ಲ. ಇತ್ತ ಎಡುವಾರ್ಡೊ ಅಕ್ಕನೊಬ್ಬಳನ್ನು ಜೊತೆಗಿಟ್ಟುಕೊಂಡು ಹೊಸ ಕಂಪನಿ ಮಾಡಿದ. ಒಂದೇ ವರ್ಷದಲ್ಲಿ ಅವನ ನಾಟಕದ ಬಣ್ಣ ಬದಲಾಯಿತು. 1945ರ ಮಾರ್ಚ್ 25ರಂದು ನೇಪಲ್ಸಿನ ಸಾನ್ ಕಾರ್ಲೊ ಒಪೆರಾ ಮಂದಿರದಲ್ಲಿ ‘ನಾಪೋಲಿ ಮಿಲಿಯೊನಾರಿಯಾ’ ಆಡಿದ. ಬಡ ಮಕ್ಕಳ ಸಹಾಯಕ್ಕೆಂದು ಮಾಡಿದ ಪ್ರಯೋಗ. ಯುರೋಪಿನಲ್ಲಿ ಯುದ್ಧ ಇನ್ನೂ ಮುಗಿದಿರಲಿಲ್ಲ.

ಆ ನಾಟಕದ ಮೊದಲ ಅಂಕ ಪೂರಾ ನಗು. ಹೆಂಡತಿ ಕಾಳಸಂತೆ ಮಾಡುತ್ತಾಳೆ. ಪೊಲೀಸರು ಬಂದಾಗ ಮಾಲನ್ನೆಲ್ಲ ಮಂಚದ ಕೆಳಗೆ ತುಂಬಿ, ಗಂಡನನ್ನು ಮೇಲೆ ಹೆಣದ ಹಾಗೆ ಮಲಗಿಸುತ್ತಾರೆ. ಸುತ್ತ ಗೋಳಾಟ. ಅಷ್ಟರಲ್ಲಿ ಬಾಂಬು ಬೀಳಲು ಶುರು. ಪೊಲೀಸನಿಗೂ ಗೊತ್ತು ಇದು ನಾಟಕ ಎಂದು, ಆದರೂ ಕದಲುವುದಿಲ್ಲ. ಹೆಣವೂ ಕದಲುವುದಿಲ್ಲ. ಅದೇ ಗಂಡ ಎರಡನೇ ಅಂಕದಲ್ಲಿ ಯುದ್ಧದಿಂದ ಬದುಕಿ ಮನೆಗೆ ಬರುತ್ತಾನೆ. ಮನೆಯಲ್ಲಿ ದುಡ್ಡು, ಒಡವೆ, ಊಟ. ಅವನು ಕಂಡದ್ದನ್ನು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಕೊನೆಗೆ ಸಣ್ಣ ಮಗಳಿಗೆ ಜ್ವರ ಬಂದು, ಎಷ್ಟು ದುಡ್ಡು ಇದ್ದರೂ ಮದ್ದು ಸಿಗದೆ ಹೋಗುತ್ತದೆ. ಆ ಹೆಂಡತಿ ಯಾರನ್ನು ಹಿಂಡಿ ಬರಿಗೈ ಮಾಡಿದ್ದಳೋ ಅವನೇ ಮದ್ದು ತಂದು ಕೊಡುತ್ತಾನೆ. ಮಗು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ರಾತ್ರಿ ಕಳೆಯಬೇಕು ಎನ್ನುತ್ತಾನೆ ಗಂಡ. ಪರದೆ ಬಿದ್ದಾಗ ಜನ ಮೊದಲು ಸುಮ್ಮನಿದ್ದರು, ಆಮೇಲೆ ಒಮ್ಮೆಲೇ ಚಪ್ಪಾಳೆಯೂ ಅಳುವೂ ಸೇರಿ ಬಂತು ಎಂದು ಎಡುವಾರ್ಡೊನೇ ಮುಂದೆ ಹೇಳಿಕೊಂಡಿದ್ದಾನೆ.

ಪೆಪ್ಪಿನೊ ಜೊತೆಗಿದ್ದಿದ್ದರೆ ಆ ನಾಟಕ ಇಷ್ಟು ಕಪ್ಪಗೆ ಆಗುತ್ತಿತ್ತಾ? ನನಗೆ ಅನುಮಾನ. ಆದ್ದರಿಂದ ಶಿರಸಿಯವರೇ, ನಿಮ್ಮ ತಂಡ ಒಡೆಯುವುದಿದ್ದರೆ ಒಡೆಯಲಿ. ಪರದೆ, ಲೈಟು, ಹಾರ್ಮೋನಿಯಂ ಯಾರಿಗೆ ಎನ್ನುವುದನ್ನು ಮಾತ್ರ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಾಟಕದ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಯಾಕೆ ಹಿಂದೆ ಬೀಳುತ್ತದೆ? ಟಿಟಿನಾ ಬಗ್ಗೆ ಬರೆಯಿರಿ.
*– ಶಿಕ್ಷಕಿ, ಕುಮಟಾ*

ನನ್ನ ಊರಿನಿಂದಲೇ ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ನಾನು ಪೋಸ್ಟ್ ಆಫೀಸಿನಲ್ಲಿ ಕೆಲಸಕ್ಕಿದ್ದಾಗ ಇಲ್ಲಿ ಚೌತಿಯ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದೆ. ಆಗ ನಮ್ಮಲ್ಲಿ ಹೆಂಗಸಿನ ಪಾರ್ಟಿಗೂ ಗಂಡಸರೇ ಜಾಸ್ತಿ. ನನಗೆ ಸಿಕ್ಕಿದ್ದು ತಾಯಿ, ಇಲ್ಲವೇ ಸಾಯುವ ಹೆಂಡತಿ. ಮೂರನೇ ಸೀನಿಗೆ ಸತ್ತರೆ ಆಮೇಲೆ ಚಾ ಕೊಡುವ ಕೆಲಸ.

ಟಿಟಿನಾ 1898ರಲ್ಲಿ ಹುಟ್ಟಿದವಳು, ಮೂವರಲ್ಲಿ ದೊಡ್ಡವಳು. ಚೆಂದದ ನಾಯಕಿಯ ಮುಖವಲ್ಲ ಅವಳದು. ಗಟ್ಟಿ ಮುಖ, ಗಟ್ಟಿ ದನಿ. ತಮ್ಮಂದಿರ ನಾಟಕಗಳಲ್ಲಿ ವರ್ಷಗಟ್ಟಲೆ ಹೆಂಡತಿ, ನೆರೆಮನೆಯವಳು ಎಲ್ಲ ಆದಳು. ನೀನು ಬರೆಯುವುದೆಲ್ಲ ಗಂಡಸರಿಗೇ ಎಂದು ಅವಳು ಒಂದು ದಿನ ಎಡುವಾರ್ಡೊಗೆ ಆಡಿಯೇ ಬಿಟ್ಟಳಂತೆ. ಅವನು 1946ರಲ್ಲಿ ‘ಫಿಲುಮೆನಾ ಮಾರ್ತುರಾನೊ’ ಬರೆದ.

ಕತೆ ಇಷ್ಟು. ಫಿಲುಮೆನಾ ಬಡತನದಿಂದ ವೇಶ್ಯಾಗೃಹಕ್ಕೆ ಹೋದವಳು. ಡೊಮೆನಿಕೊ ಎನ್ನುವ ಶ್ರೀಮಂತ ಅವಳನ್ನು ಕರೆತಂದು ಇಟ್ಟುಕೊಂಡಿದ್ದಾನೆ. ಇಪ್ಪತ್ತೈದು ವರ್ಷ ಅವನ ಮನೆ, ಅಂಗಡಿ ಎಲ್ಲ ನೋಡಿದ್ದಾಳೆ, ಮದುವೆ ಮಾತ್ರ ಇಲ್ಲ. ಈಗ ಅವನು ಸಣ್ಣ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಿದ್ದಾನೆ. ಫಿಲುಮೆನಾ ಸಾಯುವ ಹಾಗೆ ನಟಿಸಿ ಮಂಚದ ಮೇಲೆಯೇ ತಾಳಿ ಕಟ್ಟಿಸಿಕೊಳ್ಳುತ್ತಾಳೆ. ನಮ್ಮ ಮಾತಲ್ಲಿ ಹೇಳಿದೆ, ಅಲ್ಲಿ ಪಾದ್ರಿ ಬರುತ್ತಾನೆ. ಮದುವೆಯಾದ ಕೂಡಲೇ ಎದ್ದು ಕೂರುತ್ತಾಳೆ. ಅವನು ವಕೀಲರನ್ನು ಕರೆಸಿ ಮದುವೆ ರದ್ದು ಮಾಡಿಸುತ್ತಾನೆ. ಆಗ ಅವಳು ತನಗೆ ಮೂವರು ಗಂಡುಮಕ್ಕಳಿದ್ದಾರೆ, ಗುಟ್ಟಾಗಿ ಸಾಕಿದ್ದೇನೆ, ಅವರಲ್ಲಿ ಒಬ್ಬ ನಿನ್ನವನು ಎನ್ನುತ್ತಾಳೆ. ಯಾವನು? ಅದನ್ನು ಸತ್ತರೂ ಹೇಳುವುದಿಲ್ಲ. ಹೇಳಿದರೆ ಒಬ್ಬನಿಗೆ ಎಲ್ಲ ಸಿಗುತ್ತದೆ, ಇಬ್ಬರಿಗೆ ಏನೂ ಇಲ್ಲ.

ಡೊಮೆನಿಕೊ ಆ ಮೂವರನ್ನೂ ಕರೆದು ಪರೀಕ್ಷೆ ಮಾಡುತ್ತಾನೆ. ಯಾರಿಗೆ ಹುಡುಗಿಯರ ಹುಚ್ಚು, ಯಾರು ನನ್ನ ಹಾಗೆ ಹಾಡುತ್ತಾರೆ ಎಂದು. ಏನೂ ಗೊತ್ತಾಗುವುದಿಲ್ಲ. ಕೊನೆಗೆ ಸೋತು, ಮೂವರಿಗೂ ಅಪ್ಪನಾಗಿ ಮದುವೆಯಾಗುತ್ತಾನೆ. ಇದನ್ನು ಬರೆದವನು ಅಪ್ಪನನ್ನು ಮಾವ ಎಂದು ಕರೆದು ಬೆಳೆದವನು. ಆಡಿದವಳು ಅವನ ಅಕ್ಕ. ಮಕ್ಕಳೂ ಮೂವರು! ಮನೆಯ ಮಾತನ್ನು ಹೀಗೆ ಪೇಟೆಯ ಮಧ್ಯೆ ಇಡಲು ಎದೆ ಬೇಕು.

1951ರಲ್ಲಿ ಎಡುವಾರ್ಡೊನೇ ಅದನ್ನು ಸಿನಿಮಾ ಮಾಡಿದ, ಟಿಟಿನಾಳೇ ಫಿಲುಮೆನಾ. 1964ರಲ್ಲಿ ವಿತ್ತೋರಿಯೊ ಡಿ ಸಿಕಾ ಇದೇ ಕತೆಯನ್ನು ಮತ್ತೆ ತೆಗೆದ. ಆಗ ಸೋಫಿಯಾ ಲಾರೆನ್, ಮಾರ್ಚೆಲ್ಲೊ ಮಾಸ್ತ್ರೊಯಾನಿ. ಲಾರೆನ್‌ಗೆ ಆಸ್ಕರ್ ನಾಮನಿರ್ದೇಶನವೂ ಬಂತು. ಜಗತ್ತಿಗೆ ಗೊತ್ತಿರುವುದು ಆ ಚಿತ್ರ. ಚೆನ್ನಾಗಿಯೇ ಇದೆ. ಆದರೆ ಲಾರೆನ್ ಸೊರಗಿದಾಗಲೂ ಸುಂದರಿ. ಟಿಟಿನಾ ಬಾಗಿಲಿಗೆ ಅಡ್ಡ ನಿಂತರೆ ಇಪ್ಪತ್ತೈದು ವರ್ಷ ನೆಲ ಒರೆಸಿದ ಹೆಂಗಸೇ ನಿಂತ ಹಾಗೆ.

ಹೃದಯದ ಕಾಯಿಲೆಯಿಂದ ಟಿಟಿನಾ ರಂಗ ಬಿಡಬೇಕಾಯಿತು. ಮನೆಯಲ್ಲಿ ಕೂತು ಕಾಗದದ ತುಣುಕು ಅಂಟಿಸಿ ಚಿತ್ರ ಮಾಡುತ್ತಿದ್ದಳು, ಸಿನಿಮಾಕ್ಕೆ ಬರೆಯುತ್ತಿದ್ದಳು. ಅವಳೂ ಸೇರಿ ಬರೆದ ‘ದುಯೆ ಸೋಲ್ದಿ ದಿ ಸ್ಪೆರಾಂಜಾ’ 1952ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆಯಿತು. 1963ರ ಡಿಸೆಂಬರಿನಲ್ಲಿ ತೀರಿಕೊಂಡಳು.

ಭಾಷೆಯೇ ಬಾರದೆ ಇಟಲಿಯ ನಟನ ಮೇಲೆ ನಿಮಗೆ ಈ ಹುಚ್ಚು ಹೇಗೆ ಹತ್ತಿತು?
*– ಬ್ಯಾಂಕ್ ನಿವೃತ್ತರು, ಕಾರವಾರ*

ನನ್ನ ತಮ್ಮ ಸರಕಿನ ಹಡಗಿನಲ್ಲಿದ್ದ. ನೇಪಲ್ಸ್ ಬಂದರಿನಲ್ಲಿ ಹಡಗು ನಿಂತಾಗ, ಅಕ್ಕನಿಗೆ ನಾಟಕದ ಹುಚ್ಚು ಎಂದು ಒಂದು ವಿಡಿಯೋ ಕ್ಯಾಸೆಟ್ ತಂದುಕೊಟ್ಟ. 1977ರಲ್ಲಿ ಇಟಲಿಯ ದೂರದರ್ಶನಕ್ಕೆಂದು ಚಿತ್ರೀಕರಿಸಿದ ‘ಕುಪಿಯೆಲ್ಲೊ ಮನೆಯ ಕ್ರಿಸ್‌ಮಸ್’. ಒಂದು ಮಾತೂ ಅರ್ಥವಾಗಲಿಲ್ಲ. ಆದರೂ ಕಡೆಯವರೆಗೆ ಎದ್ದು ಹೋಗಲಿಲ್ಲ. ಈಗ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಓದಿಕೊಂಡು ನೋಡುತ್ತೇನೆ. ಅವತ್ತು ಊಹಿಸಿದ್ದು ಬಹಳಷ್ಟು ಸರಿ ಇತ್ತು.

ಲೂಕಾ ಕುಪಿಯೆಲ್ಲೊ ಎನ್ನುವ ಮುದುಕ ಯೇಸು ಹುಟ್ಟಿದ ಗೋದಲಿ ಕಟ್ಟುತ್ತಾನೆ. ನಮ್ಮಲ್ಲಿ ಚೌತಿಗೆ ಮಂಟಪ ಕಟ್ಟಿ, ಫಲಾವಳಿ ಸರಿಯಾಗಿ ತೂಗಿತೋ ಇಲ್ಲವೋ ಎಂದು ಒದ್ದಾಡುವ ಯಜಮಾನರಿಲ್ಲವಾ, ಅದೇ ಜಾತಿ. ಮನೆ ಹೊತ್ತಿ ಉರಿಯುತ್ತಿದೆ. ಮಗಳು ಗಂಡನನ್ನು ಬಿಟ್ಟು ಇನ್ನೊಬ್ಬನ ಹಿಂದೆ ಹೋಗಲು ಹೊರಟಿದ್ದಾಳೆ, ಮಗ ಸೋಮಾರಿ, ಸಣ್ಣಪುಟ್ಟ ಕಳ್ಳತನ ಮಾಡುತ್ತಾನೆ. ಮುದುಕನಿಗೆ ಇದು ಯಾವುದೂ ಕಾಣುವುದಿಲ್ಲ. ಅಂಟು, ಬ್ರಷ್ಷು, ಗೋದಲಿ. ನಿನಗೆ ಇಷ್ಟವಾಯಿತಾ ಎಂದು ಮಗನನ್ನು ಪೀಡಿಸುತ್ತಾನೆ. ಇಲ್ಲ ಎನ್ನುತ್ತಾನೆ ಮಗ. ಮತ್ತೆ ಕೇಳುತ್ತಾನೆ. ಇಲ್ಲ. ಕೊನೆಯ ಅಂಕದಲ್ಲಿ ಮುದುಕನಿಗೆ ಲಕ್ವ ಹೊಡೆದಿದೆ. ಮಲಗಿದಲ್ಲಿಂದಲೇ ಮತ್ತೆ ಅದೇ ಕೇಳುತ್ತಾನೆ. ಈ ಸಲ ಮಗ ಹೂಂ ಅನ್ನುತ್ತಾನೆ. ಆ ಚಿತ್ರೀಕರಣದಲ್ಲಿ ಮಗನ ಪಾತ್ರ ಮಾಡಿದ್ದು ಎಡುವಾರ್ಡೊನ ಸ್ವಂತ ಮಗ ಲೂಕಾ ಡಿ ಫಿಲಿಪ್ಪೊ.

ಈ ನಾಟಕ ಹುಟ್ಟಿದ ರೀತಿಯೇ ಮಜಾ. 1931ರ ಕ್ರಿಸ್‌ಮಸ್ ದಿನ ಆಡಿದ್ದು ಈಗಿನ ಎರಡನೇ ಅಂಕ ಮಾತ್ರ. ಕೆಲವೇ ದಿನಕ್ಕೆಂದು ಮಾತಾಗಿದ್ದ ಪ್ರದರ್ಶನ ತಿಂಗಳುಗಟ್ಟಲೆ ನಡೆಯಿತು. ಆಮೇಲೆ ಮೊದಲ ಅಂಕ ಬರೆದ, ಅದರ ಮೇಲೆ ಮೂರನೆಯದು. ಮೂವತ್ತೊಂದರ ವಯಸ್ಸಿನಲ್ಲಿ ಮುದುಕನ ಪಾತ್ರ ಹಿಡಿದವನು ಎಪ್ಪತ್ತೇಳರಲ್ಲೂ ಅದನ್ನೇ ಮಾಡಿದ. ಬಣ್ಣ ಹಚ್ಚುವ ಖರ್ಚು ವರ್ಷ ವರ್ಷ ಕಡಿಮೆಯಾಗಿರಬೇಕು.

ಅವನು ರಂಗದ ಮೇಲೆ ಕಾಫಿ ಮಾಡುತ್ತಿದ್ದನಂತೆ?
*– ಕ್ಯಾಂಟೀನ್ ನಡೆಸುವವರು, ದಾಂಡೇಲಿ*

ಮಾಡುತ್ತಿದ್ದ. 1946ರ ‘ಕ್ವೆಸ್ತಿ ಫಾಂತಾಸ್ಮಿ’ಯಲ್ಲಿ. ಪಾಸ್ಕಾಲೆ ಎನ್ನುವವನಿಗೆ ದೆವ್ವದ ಹೆಸರು ಹೊತ್ತ ದೊಡ್ಡ ಮನೆಯಲ್ಲಿ ಬಿಟ್ಟಿ ವಾಸ. ಮನೆಯಲ್ಲಿ ದೆವ್ವವಿಲ್ಲ ಎಂದು ಊರಿಗೆ ತೋರಿಸಲು ದಿನಾ ಎಲ್ಲ ಬಾಲ್ಕನಿಗಳಲ್ಲಿ ಕಾಣಿಸಿಕೊಳ್ಳಬೇಕು, ಅದೇ ಬಾಡಿಗೆ. ಬಾಲ್ಕನಿಯಲ್ಲಿ ಕೂತು ಎದುರುಮನೆಯ ಪ್ರೊಫೆಸರ್‌ಗೆ ಕಾಫಿಯ ಗುಟ್ಟು ಹೇಳುತ್ತಾನೆ. ನೇಪಲ್ಸಿನ ಕಾಫಿ ಪಾತ್ರೆಯನ್ನು ನೀರು ಕುದಿದ ಮೇಲೆ ತಲೆಕೆಳಗು ಮಾಡಬೇಕು, ಆಗ ಡಿಕಾಕ್ಷನ್ ನಿಧಾನ ಇಳಿಯುತ್ತದೆ. ಅಷ್ಟು ಹೊತ್ತು ಪರಿಮಳ ಹಾರಿಹೋಗದ ಹಾಗೆ ಪಾತ್ರೆಯ ಮೂತಿಗೆ ಕಾಗದದ ಸಣ್ಣ ಟೊಪ್ಪಿ. ಆ ಕಾಗದದ ಟೊಪ್ಪಿ ಅವನ ಸ್ವಂತ ವಿದ್ಯೆ.

ಪ್ರೊಫೆಸರ್ ರಂಗದ ಮೇಲೆ ಇಲ್ಲ. ಅವನ ಮಾತೂ ನಮಗೆ ಕೇಳುವುದಿಲ್ಲ. ಎಡುವಾರ್ಡೊ ಮಾತು ನಿಲ್ಲಿಸಿ ಎದುರಿಗೆ ನೋಡುತ್ತಾನೆ, ಸ್ವಲ್ಪ ಕಾಯುತ್ತಾನೆ, ಉತ್ತರ ಕೊಡುತ್ತಾನೆ. ನೋಡುವವರಿಗೆ ಪ್ರೊಫೆಸರ್ ಕನ್ನಡಕವೂ ಕಂಡ ಹಾಗಾಗುತ್ತದೆ. ಹೋದ ಸಂಚಿಕೆಯಲ್ಲಿ ಕೈ ಎಲ್ಲಿಡಲಿ ಎಂದು ಕೇಳಿದ ಹೊನ್ನಾವರದ ಹುಡುಗ ಇದೊಂದು ದೃಶ್ಯ ನೋಡಲಿ. ಕೇಳಿಸಿಕೊಳ್ಳಲು ಬಂದರೆ ಕೈಯ ಚಿಂತೆ ಬರುವುದಿಲ್ಲ.

ನಾವು ಕೊಂಕಣಿಯಲ್ಲಿ ನಾಟಕ ಆಡುವವರು. ಊರ ಮಾತಿನ ನಾಟಕ ಊರು ದಾಟುವುದಿಲ್ಲ ಎನ್ನುತ್ತಾರೆ. ಅವನೂ ನೇಪಲ್ಸಿನ ಮಾತಿನಲ್ಲೇ ಬರೆದನಲ್ಲ?
*– ಹವ್ಯಾಸಿ ನಟ, ಸದಾಶಿವಗಡ*

ದಾಟಿತಲ್ಲ. 1973ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಅವನ ‘ಶನಿವಾರ, ಭಾನುವಾರ, ಸೋಮವಾರ’ ಆಡಿತು. ಜೆಫಿರೆಲ್ಲಿ ನಿರ್ದೇಶನ, ಜೋನ್ ಪ್ಲೋರೈಟ್ ಮನೆಯೊಡತಿ, ಲಾರೆನ್ಸ್ ಒಲಿವಿಯೆ ಅಜ್ಜ. ಆ ನಾಟಕದಲ್ಲಿ ನಡೆಯುವುದೇನು? ಭಾನುವಾರದ ಊಟಕ್ಕೆ ಮಾಂಸದ ಸಾರು ಶನಿವಾರವೇ ಒಲೆ ಏರುತ್ತದೆ, ಊಟದ ಹೊತ್ತಿಗೆ ಗಂಡ ಹೆಂಡತಿಗೆ ಜಗಳ ಹತ್ತುತ್ತದೆ. ಇದು ಲಂಡನ್ನಿಗೆ ಅರ್ಥವಾಗದೆ ಇರುತ್ತದಾ?

ಆದರೆ ಒಂದನ್ನು ಮರೆಯಬೇಡಿ. ಮುಸೊಲಿನಿಯ ಕಾಲದಲ್ಲಿ ಪ್ರಾದೇಶಿಕ ಮಾತಿನ ನಾಟಕ ಸರಕಾರಕ್ಕೆ ಬೇಡವಾಗಿತ್ತು. ಅವನು ಆಗಲೂ ಬಿಡಲಿಲ್ಲ. ಹಾಗೆಂದು ಹಠಕ್ಕೂ ಬೀಳಲಿಲ್ಲ. ಬೇರೆ ಊರಿನವರಿಗೂ ತಿಳಿಯುವ ಹಾಗೆ ಇಟಾಲಿಯನ್ನನ್ನು ಬೆರೆಸುತ್ತಾ ಹೋದ. ಪಾತ್ರ ಸಿಟ್ಟಾದಾಗ ನೇಪಲ್ಸಿನ ಮಾತು, ದೊಡ್ಡಸ್ತಿಕೆ ತೋರಿಸುವಾಗ ಶುದ್ಧ ಇಟಾಲಿಯನ್. ನಿಮ್ಮ ಕಡೆ ಕೊಂಕಣಿ, ಕನ್ನಡ, ಮರಾಠಿ ಮೂರೂ ಒಂದೇ ಅಂಗಡಿಕಟ್ಟೆಯಲ್ಲಿ ಓಡಾಡುತ್ತವೆ. ಅದನ್ನು ಹಾಗೇ ರಂಗಕ್ಕೆ ತನ್ನಿ.

ಸಿನಿಮಾದಿಂದ ದುಡ್ಡು ಮಾಡಿದನಾ?
*– ಮಂಕಿ*

ಮಾಡಿದ, ಕಳೆದ. 1948ರಲ್ಲಿ ನೇಪಲ್ಸಿನ ಸಾನ್ ಫರ್ಡಿನಾಂಡೊ ಥಿಯೇಟರನ್ನು ಕೊಂಡ. ಯುದ್ಧದ ಬಾಂಬಿಗೆ ಪುಡಿಯಾಗಿದ್ದ ಕಟ್ಟಡ. ಸಿನಿಮಾದಲ್ಲಿ ದುಡಿದದ್ದನ್ನು ಅದಕ್ಕೆ ಸುರಿದು 1954ರಲ್ಲಿ ಬಾಗಿಲು ತೆರೆದ. ಆಗಿನ ಅವನ ಸಿನಿಮಾಗಳಲ್ಲಿ ನೀವು ನೋಡಲೇಬೇಕಾದದ್ದು ಅದೇ 1954ರ ಡಿ ಸಿಕಾ ಚಿತ್ರ ‘ಲೋರೊ ದಿ ನಾಪೋಲಿ’. ಅದರಲ್ಲಿ ಹಲವು ಕತೆ. ಸೋಫಿಯಾ ಲಾರೆನ್ ಪಿಜ್ಜಾ ಮಾರುತ್ತಾಳೆ, ಎಡುವಾರ್ಡೊ ಬುದ್ಧಿ ಮಾರುತ್ತಾನೆ. ಕೇರಿಯ ಜನ ಅವನ ಹತ್ತಿರ ಬಂದು, ಕಾರಿನಲ್ಲಿ ದರ್ಪದಿಂದ ಓಡಾಡುವ ಒಬ್ಬ ಜಮೀನ್ದಾರನಿಗೆ ಏನು ಮಾಡುವುದು ಎಂದು ಕೇಳುತ್ತಾರೆ. ಬಾಯಿಗೆ ಕೈ ಅಡ್ಡ ಹಿಡಿದು ಪುರ್ರ್ ಎಂದು ಹೊರಡಿಸುವ ಒಂದು ಶಬ್ದವನ್ನು ಇವನು ಶಾಸ್ತ್ರೋಕ್ತವಾಗಿ ಕಲಿಸುತ್ತಾನೆ. ಎಲ್ಲಿಂದ ಉಸಿರು ಬರಬೇಕು, ಎಷ್ಟು ಉದ್ದ ಇರಬೇಕು ಎಂದು. ಮುಖದಲ್ಲಿ ನಗುವಿನ ಸುಳಿವಿಲ್ಲ. ನನ್ನ ಮೊಮ್ಮಗ ಕಲಿತಿದ್ದಾನೆ. ನೆಂಟರು ಬಂದಾಗ ಕಷ್ಟವಾಗಿದೆ.

ತಾಳಮದ್ದಲೆಯಲ್ಲಿ ವೇಷವಿಲ್ಲದೆ ಬರೀ ಮಾತಿನಲ್ಲಿ ಪಾತ್ರ ಕಟ್ಟುತ್ತೇವೆ. ಅಲ್ಲಿಯೂ ಅಂಥದ್ದು ಇದೆಯೇ?
*– ಅರ್ಥಧಾರಿ, ಗೋಕರ್ಣ*

ಪ್ರಸಂಗ ಇಟ್ಟುಕೊಂಡು ಆಶುವಾಗಿ ಮಾತಾಡುವುದು ನಿಮಗೇ ಬಿಟ್ಟದ್ದು. ಆದರೆ ಎಡುವಾರ್ಡೊ ಕೊನೆಗಾಲದಲ್ಲಿ ಒಂದು ಕೆಲಸ ಮಾಡಿದ, ನಿಮಗೆ ಹಿಡಿಸುತ್ತದೆ. ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕವನ್ನು ಹದಿನೇಳನೇ ಶತಮಾನದ ನೇಪಲ್ಸಿನ ಮಾತಿಗೆ ತಂದ. ಆಮೇಲೆ ಮೈಕಿನ ಮುಂದೆ ಕೂತು ಅದನ್ನು ಧ್ವನಿಮುದ್ರಣ ಮಾಡಿದ. ಮುದುಕ ಪ್ರಾಸ್ಪೆರೊ, ಕುಡುಕರು, ರಾಜರು, ಕ್ಯಾಲಿಬಾನ್, ಎಲ್ಲ ಅವನದೇ ಧ್ವನಿ. ಮಿರಾಂಡಾ ಒಬ್ಬಳಿಗೆ ಮಾತ್ರ ಬೇರೆ ನಟಿ. ಎಂಬತ್ತು ದಾಟಿದ ವಯಸ್ಸು ಆಗ. ಅವನು ತೀರಿಕೊಂಡ ಮೇಲೆ, 1985ರಲ್ಲಿ, ಮಿಲಾನಿನ ಕೊಲ್ಲಾ ಕುಟುಂಬದ ಸೂತ್ರದ ಬೊಂಬೆಯವರು ಆ ಧ್ವನಿಗೆ ಬೊಂಬೆ ಆಡಿಸಿ ವೆನಿಸ್‌ನಲ್ಲಿ ನಾಟಕ ಮಾಡಿದರು. ಅವರದ್ದೂ ಮನೆತನದ ಮೇಳವೇ.

ಚೌತಿಗೆ ನಮ್ಮೂರಲ್ಲಿ ಫಿಲುಮೆನಾ ಆಡೋಣ ಅಂತ ಇದ್ದೇವೆ. ನಾವು ಏಳು ಜನ ಗಂಡಸರು, ಹೆಂಗಸರು ಯಾರೂ ಇಲ್ಲ. ಸಲಹೆ ಕೊಡಿ.
*– ಯುವಕ ಮಂಡಳಿ, ಸಿದ್ದಾಪುರ ತಾಲೂಕು*

ಮೊದಲು ಹಕ್ಕಿನ ವಿಷಯ. ಬರೆದವನು ಸತ್ತು 60 ವರ್ಷದವರೆಗೆ ನಮ್ಮ ದೇಶದಲ್ಲಿ ಕೃತಿಯ ಹಕ್ಕು ವಾರಸುದಾರರದ್ದು. ಅಂದರೆ 2044 ಮುಗಿಯುವವರೆಗೆ ಒಪ್ಪಿಗೆ ಕೇಳಬೇಕು. ಊರ ಗಣಪತಿಗೆ ಯಾರು ಕೇಳುತ್ತಾರೆ ಎನ್ನಬೇಡಿ. ಈಗ ಎಲ್ಲರೂ ಮೊಬೈಲಿನಲ್ಲಿ ಹಿಡಿದು ಹಾಕುತ್ತಾರೆ.

ಎರಡನೆಯದು, ಗಂಡಸಿಗೆ ಸೀರೆ ಉಡಿಸಿ ಫಿಲುಮೆನಾ ಮಾಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಯಕ್ಷಗಾನದ ಸ್ತ್ರೀವೇಷ ನನಗೂ ಇಷ್ಟ. ಅದು ಬೇರೆ ಲೆಕ್ಕ. ಅಕ್ಕ ಕೇಳಿ ಬರೆಸಿಕೊಂಡ ಪಾರ್ಟು ಇದು. ನಿಮ್ಮೂರಿನ ಅಂಗನವಾಡಿ ಟೀಚರು, ಸೊಸೈಟಿಯಲ್ಲಿ ಕೂರುವವರು, ಭಜನಾ ಮಂಡಳಿಯಲ್ಲಿ ದೊಡ್ಡ ದನಿ ಇರುವವರು, ಇವರನ್ನು ಕೇಳಿ. ಐವತ್ತರ ಆಸುಪಾಸಿನವರಾದರೆ ಒಳ್ಳೆಯದು. ರಿಹರ್ಸಲ್ ಸಂಜೆ ಏಳಕ್ಕೆ ಇಡಬೇಡಿ, ಅವರಿಗೆ ಅಡುಗೆ ಹೊತ್ತು. ಮಧ್ಯಾಹ್ನ ಮೂರಕ್ಕೆ ಇಡಿ. ಒಪ್ಪಿದರೆ ನನಗೆ ಒಂದು ಕಾರ್ಡು ಹಾಕಿ, ಕುಮಟಾದಿಂದ ಬಸ್ಸು ಹಿಡಿದು ಬರುತ್ತೇನೆ.